ಸತ್ತ ಮೇಲೂ ಬಿಡದ ಚಾಕರಿ: ಎಂಬತ್ತರ ದಶಕದ ಜಾಂಬಿ ಸಿನಿಮಾಗಳೂ ನಮ್ಮ ಮೂಳೆಗಳೂ

ಉದ್ದದ ಬರಹ ಇದು. ಪುರುಸೊತ್ತು ಇದ್ದಾಗ ಓದಿ. ಸಿನಿಮಾದಿಂದ ಶುರುವಾಗಿ ಸುಡುಗಾಡಲ್ಲಿ ಮುಗಿಯುತ್ತೆ, ಅದಕ್ಕೆ ಮೊದಲೇ ಹೇಳಿಬಿಡ್ತೀನಿ.

ಹೋದ ಭಾನುವಾರ ನಮ್ಮ ಕೇರಿಯ ಸ್ಮಶಾನದ ಜಾಗಕ್ಕೆ ಮತ್ತೊಂದು ಅರ್ಜಿ ಬರೀತಾ ಕೂತಿದ್ವಿ. ಪಹಣಿ, ಸರ್ವೆ ನಕ್ಷೆ, ಹಳೇ ಅರ್ಜಿಗಳ ಜೆರಾಕ್ಸು, ಎಲ್ಲ ಜೋಡಿಸೋ ಹೊತ್ತಿಗೆ ರಾತ್ರಿ ಒಂಬತ್ತು ದಾಟಿತ್ತು. ಹುಡುಗರಿಗೆ ಸಾಕಾಗಿತ್ತು. "ಅಣ್ಣ, ತಲೆ ಕೆಟ್ಟೋಯ್ತು, ಏನಾದ್ರೂ ನಗೋ ಪಿಚ್ಚರ್ ನೋಡಣ" ಅಂದ್ರು. ಒಬ್ಬ ಲ್ಯಾಪ್‌ಟಾಪಿನಲ್ಲಿ 1985ರ ಅಮೆರಿಕದ ಸಿನಿಮಾ ಒಂದನ್ನ ಹಾಕಿದ: 'ದಿ ರಿಟರ್ನ್ ಆಫ್ ದಿ ಲಿವಿಂಗ್ ಡೆಡ್'. ಸತ್ತವರು ಎದ್ದು ಬಂದು ಮಿದುಳು ತಿನ್ನೋ ಕಥೆ. ಭಯಕ್ಕಿಂತ ನಗುನೇ ಹೆಚ್ಚು.

ಸಿನಿಮಾ ಶುರುವಾಗಿ ಹತ್ತು ನಿಮಿಷವೂ ಆಗಿರಲ್ಲ. ಮೆಡಿಕಲ್ ಸಾಮಾನಿನ ಗೋದಾಮು. ಫ್ರೆಡ್ಡಿ ಅನ್ನೋ ಹುಡುಗನಿಗೆ ಅಲ್ಲಿ ಕೆಲಸದ ಮೊದಲ ದಿನ. ಹಳೇ ನೌಕರ ಫ್ರಾಂಕ್ ಅವನಿಗೆ ಒಂದೊಂದೇ ಸಾಮಾನು ತೋರಿಸ್ತಾ ಅಸ್ಥಿಪಂಜರಗಳ ಹತ್ತಿರ ಬರ್ತಾನೆ. ಇವೆಲ್ಲ ಇಂಡಿಯಾದಿಂದ ಬರ್ತವೆ ಅಂತಾನೆ. ಅಷ್ಟೊಂದು ಅಸ್ಥಿಪಂಜರ, ಅದೂ ಹಲ್ಲು ಒಂದೂ ಉದುರದೆ ನೆಟ್ಟಗಿರೋವು, ಅಲ್ಲಿ ಹೇಗೆ ಸಿಗ್ತವೋ ಗೊತ್ತಿಲ್ಲ, ಅಸ್ಥಿಪಂಜರ ಬೆಳೆಯೋ ತೋಟವನ್ನೇ ಇಟ್ಟಿರಬೇಕು ಅಂತ ತಮಾಷೆ ಮಾಡ್ತಾನೆ.

ನಮ್ಮ ಹುಡುಗರು ನಕ್ಕರು. ಆಮೇಲೆ ಒಬ್ಬ ನಗು ನಿಲ್ಲಿಸಿ ಕೇಳ್ದ: "ಅಣ್ಣ, ಇದು ನಿಜಾನಾ?"

ನಿಜ ಕಣಪ್ಪ. ಅವತ್ತು ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಸಾವಧಾನವಾಗಿ ಬರೀತಿದ್ದೀನಿ.

*

ಮೊದಲು ಜಾಂಬಿ ಎಲ್ಲಿಯವನು ಅಂತ ನೋಡಣ. ಅವನು ಅಮೆರಿಕದ ಸಿನಿಮಾದವರ ಕೂಸಲ್ಲ. ಅವನು ಹೈಟಿಯವನು, ಗುಲಾಮರ ನಡುವೆ ಹುಟ್ಟಿದವನು.

ಕೆರಿಬಿಯನ್ ಸಮುದ್ರದ ಆ ನಾಡು ಫ್ರೆಂಚರ ವಸಾಹತಾಗಿದ್ದಾಗ ಅದರ ಹೆಸರು ಸೇಂಟ್ ಡೊಮಿಂಗ್. ಆಫ್ರಿಕಾದಿಂದ ಹಿಡಿದು ತಂದ ಜನರನ್ನ ಕಬ್ಬಿನ ಗದ್ದೆಗಳಲ್ಲಿ ಸಾಯೋ ತನಕ ದುಡಿಸ್ತಿದ್ರು. ಒಬ್ಬ ಸತ್ತರೆ ಇನ್ನೊಬ್ಬನನ್ನ ಕೊಂಡು ತರೋದು ಧಣಿಗೆ ಅಗ್ಗ. ಹಾಗೆ ದುಡಿದ ಜನಕ್ಕೆ ಸಾವೊಂದೇ ಬಿಡುಗಡೆ. ಸತ್ತ ಮೇಲೆ ನಮ್ಮ ಜೀವ ಆಫ್ರಿಕಾಕ್ಕೆ, ನಮ್ಮ ಹಿರಿಯರ ಹತ್ತಿರಕ್ಕೆ ವಾಪಸ್ ಹೋಗುತ್ತೆ ಅಂತ ನಂಬಿದ್ರು. ಈ ನಂಬಿಕೆಯ ಪಕ್ಕದಲ್ಲೇ ಒಂದು ಭಯವೂ ಇತ್ತು: ಸತ್ತ ಮೇಲೂ ಮಾಟಗಾರನೊಬ್ಬ ನನ್ನ ದೇಹವನ್ನ ಎಬ್ಬಿಸಿ ಮತ್ತೆ ಗದ್ದೆಗೆ ಹಚ್ಚಿದ್ರೆ? ಮಾತಿಲ್ಲ, ನೆನಪಿಲ್ಲ, ಹೆಸರಿಲ್ಲ, ಬರೀ ದುಡಿಮೆ. ಅದೇ ಜಾಂಬಿ. ಹೈಟಿಯ ಜನ ಹೆದರ್ತಿದ್ದದ್ದು ಜಾಂಬಿ ಬಂದು ಕಚ್ಚುತ್ತೆ ಅಂತ ಅಲ್ಲ. ನಾನೇ ಜಾಂಬಿ ಆಗಿಬಿಟ್ಟರೆ ಅಂತ.

ನಮ್ಮ ಹಿರಿಯರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಅಪ್ಪನ ಸಾಲಕ್ಕೆ ಮಗ ಜೀತ, ಮಗನ ಮದುವೆಯ ಸಾಲಕ್ಕೆ ಮೊಮ್ಮಗ ಜೀತ. ಸತ್ತರೂ ಮುಗಿಯದ ಚಾಕರಿ ಅಂದ್ರೆ ಏನು ಅಂತ ನಮ್ಮ ಕೇರಿಗಳಿಗೆ ಗೊತ್ತು.

ಇಲ್ಲೊಂದು ಮಾತು ಮರೀಬಾರದು. ಅದೇ ಗುಲಾಮರು 1791ರಲ್ಲಿ ದಂಗೆ ಎದ್ದರು. ಹದಿಮೂರು ವರ್ಷ ಕಾದಾಡಿ, ನೆಪೋಲಿಯನ್ನನ ಸೈನ್ಯವನ್ನೂ ಸೋಲಿಸಿ, 1804ರ ಜನವರಿ 1ಕ್ಕೆ ಸ್ವತಂತ್ರ ಹೈಟಿ ಕಟ್ಟಿದರು. ಸತ್ತಂತಿದ್ದವರು ಎದ್ದು ನಿಂತ ನಿಜವಾದ ಕಥೆ ಅದು. ಅದರ ಮೇಲೆ ಹಾಲಿವುಡ್ ಎಷ್ಟು ಸಿನಿಮಾ ಮಾಡಿದೆ, ನೀವೇ ಲೆಕ್ಕ ಹಾಕಿ.

1915ರಿಂದ 1934ರವರೆಗೆ ಅಮೆರಿಕದ ಸೈನ್ಯ ಹೈಟಿಯಲ್ಲಿ ಕೂತಿತ್ತು. ಅಲ್ಲಿನ ರೈತರನ್ನ ಬಿಟ್ಟಿ ಹಿಡಿದು ರಸ್ತೆ ಮಾಡಿಸಿತು. ಆ ಹೊತ್ತಲ್ಲೇ ವಿಲಿಯಂ ಸೀಬ್ರೂಕ್ ಅನ್ನೋ ಅಮೆರಿಕದ ಪ್ರವಾಸಿ ಲೇಖಕ ಹೈಟಿಗೆ ಹೋಗಿ 1929ರಲ್ಲಿ ಪುಸ್ತಕ ಬರೆದ. ಅಮೆರಿಕದ ಸಕ್ಕರೆ ಕಂಪನಿಯೊಂದರ ಕಬ್ಬಿನ ಗದ್ದೆಯಲ್ಲಿ ಜಾಂಬಿಗಳು ದುಡೀತಿದ್ದ ಕಥೆ ಅದರಲ್ಲಿದೆ. 1932ರಲ್ಲಿ 'ವೈಟ್ ಜಾಂಬಿ' ಸಿನಿಮಾ ಬಂತು. ಸಕ್ಕರೆ ಗಾಣ ತಿರುಗಿಸೋ ಕಪ್ಪು ಜಾಂಬಿಗಳು ಅದರಲ್ಲಿ ಇದ್ದಾರೆ. ಒಬ್ಬ ಗಾಣದೊಳಕ್ಕೆ ಬಿದ್ದರೂ ಉಳಿದವರು ತಿರುಗಿಸ್ತಾನೇ ಇರ್ತಾರೆ. ಆದ್ರೆ ಸಿನಿಮಾದ ಕಣ್ಣೀರು ಅವರಿಗಲ್ಲ, ಜಾಂಬಿಯಾಗಿಬಿಡೋ ಬಿಳಿ ಹೆಣ್ಣುಮಗಳಿಗೆ. ಹೆಸರಲ್ಲೇ ಇದೆಯಲ್ಲ.

*

ಮುಂದಿನ ತಿರುವು 1968. ಜಾರ್ಜ್ ರೊಮೆರೊ ಅನ್ನೋ ಯುವಕ ಪಿಟ್ಸ್‌ಬರ್ಗ್ ಸುತ್ತಮುತ್ತ ಗೆಳೆಯರ ಜೊತೆ ಸುಮಾರು 1 ಲಕ್ಷ 14 ಸಾವಿರ ಡಾಲರಿನಲ್ಲಿ 'ನೈಟ್ ಆಫ್ ದಿ ಲಿವಿಂಗ್ ಡೆಡ್' ಮಾಡಿದ. ಕಪ್ಪು ಬಿಳುಪು ಚಿತ್ರ. ಇದರ ನಾಯಕ ಬೆನ್, ಆ ಪಾತ್ರ ಮಾಡಿದ್ದು ಡ್ವೇನ್ ಜೋನ್ಸ್ ಅನ್ನೋ ಕಪ್ಪು ನಟ. ಒಂದು ಮನೆಯೊಳಗೆ ಸಿಕ್ಕಿಕೊಂಡ ಜನರನ್ನ ರಾತ್ರಿಯಿಡೀ ಕಾಪಾಡೋಕೆ ಹೆಣಗೋನು ಅವನು. ಬೆಳಗಾಗುತ್ತೆ, ಅವನೊಬ್ಬನೇ ಉಳಿದಿರ್ತಾನೆ. ಬಂದೂಕು, ನಾಯಿ ಹಿಡಿದ ಬಿಳಿಯರ ಗುಂಪು ಬರುತ್ತೆ. ಕಿಟಕಿಯಲ್ಲಿ ನಿಂತ ಬೆನ್‌ನನ್ನ ಜಾಂಬಿ ಅಂತ ತಿಳಿದು ಗುಂಡಿಕ್ಕಿ ಕೊಲ್ತಾರೆ. ಮಾಂಸದ ಕೊಕ್ಕೆ ಹಾಕಿ ಎಳೆದು ಬೆಂಕಿಗೆ ಹಾಕ್ತಾರೆ.

ಆ ವರ್ಷದ ಏಪ್ರಿಲ್ 4ಕ್ಕೆ ಮಾರ್ಟಿನ್ ಲೂಥರ್ ಕಿಂಗ್ ಅವರನ್ನ ಕೊಂದಿದ್ರು. ಅಕ್ಟೋಬರಲ್ಲಿ ಈ ಸಿನಿಮಾ ತೆರೆಗೆ ಬಂತು. ನೋಡಿದವರಿಗೆ ಆ ಕೊನೆಯ ಚಿತ್ರಗಳು ಏನನ್ನ ನೆನಪಿಸಿರಬೇಕು ಅಂತ ಬಿಡಿಸಿ ಹೇಳಬೇಕಿಲ್ಲ.

ಹಂಚಿಕೆದಾರರು ಹೆಸರು ಬದಲಾಯಿಸುವಾಗ ಕಾಪಿರೈಟ್ ಸಾಲು ಬಿಟ್ಟುಹೋಗಿ, ಆ ಸಿನಿಮಾ ಯಾರ ಸೊತ್ತೂ ಅಲ್ಲ ಅಂತ ಆಯ್ತು. ಯಾರು ಬೇಕಾದ್ರೂ ತೋರಿಸಬಹುದು, ಮಾರಬಹುದು. ಹಾಗಾಗಿ ಊರೂರಿಗೂ ತಲುಪಿತು, ಜಾಂಬಿ ಎಲ್ಲರ ಸೊತ್ತಾದ. ಒಂದು ತಪ್ಪಿನಿಂದ ಒಂದು ಪರಂಪರೆ ಹುಟ್ಟಿತು.

*

ಈಗ ಎಂಬತ್ತರ ದಶಕಕ್ಕೆ ಬರೋಣ.

ದಶಕ ಶುರುವಾದಾಗ ಅಮೆರಿಕದಲ್ಲಿ ವಿಸಿಆರ್ ಇದ್ದ ಮನೆಗಳು ಬೆರಳೆಣಿಕೆ. ದಶಕ ಮುಗಿಯೋ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಮನೆಗಳಲ್ಲಿ ಇತ್ತು. ಬಾಡಿಗೆ ಅಂಗಡಿಗಳ ಕಪಾಟು ತುಂಬಿಸೋಕೆ ಕ್ಯಾಸೆಟ್ ಬೇಕು, ಯಾವುದಾದ್ರೂ ಸರಿ. ಕಾಸು ಕಡಿಮೆ, ಹುಡುಗರು ನೋಡಬೇಕು, ಹೊದಿಕೆಯ ಚಿತ್ರ ಕಣ್ಣಿಗೆ ಹೊಡೀಬೇಕು. ಹೆಣಕ್ಕೆ ಸ್ಟಾರ್ ನಟ ಬೇಡ. ಸ್ವಲ್ಪ ಲ್ಯಾಟೆಕ್ಸು, ಸ್ವಲ್ಪ ಕೆಂಪು ಬಣ್ಣ, ಕಾಲೇಜು ವಯಸ್ಸಿನ ನಾಲ್ಕು ಹುಡುಗ ಹುಡುಗಿಯರು, ಒಂದು ಸ್ಮಶಾನ. ಸಿನಿಮಾ ರೆಡಿ.

'ನೈಟ್ ಆಫ್ ದಿ ಕಾಮೆಟ್' (1984) ಮಾಡೋಕೆ ಸುಮಾರು 7 ಲಕ್ಷ ಡಾಲರ್ ಸಾಕಾಯ್ತು. ಧೂಮಕೇತು ಹಾದುಹೋದ ಮಾರನೇ ದಿನ ಲಾಸ್ ಏಂಜಲೀಸ್ ಖಾಲಿ, ಉಳಿದವರು ಇಬ್ಬರು ಅಕ್ಕತಂಗಿಯರು. ಅವರ ಶತ್ರು ಬರೀ ಜಾಂಬಿಗಳಲ್ಲ. ತಮ್ಮ ಪ್ರಾಣ ಉಳಿಸಿಕೊಳ್ಳೋಕೆ ಬದುಕುಳಿದವರ ರಕ್ತ ಹೀರೋ, ಮಕ್ಕಳನ್ನೂ ಬಿಡದ ವಿಜ್ಞಾನಿಗಳು. 'ನೈಟ್ ಆಫ್ ದಿ ಕ್ರೀಪ್ಸ್' (1986), 'ಐ ವಾಸ್ ಎ ಟೀನೇಜ್ ಜಾಂಬಿ' (1987), ಹೀಗೆ ಸಾಲು ಸಾಲು. 'ರೆಡ್‌ನೆಕ್ ಜಾಂಬೀಸ್' (1989) ಸಿನಿಮಾವನ್ನ ಫಿಲ್ಮಿನಲ್ಲಿ ಅಲ್ಲ, ವಿಡಿಯೋದಲ್ಲೇ ತೆಗೆದ್ರು. ವಿಷದ ಪೀಪಾಯಿಯಿಂದ ಕಳ್ಳಭಟ್ಟಿ ಕಾಸಿ ಕುಡಿದ ಹಳ್ಳಿಯವರು ಜಾಂಬಿಗಳಾಗ್ತಾರೆ. ಆ ವಿಷ ತಂದು ಕೈಬಿಟ್ಟದ್ದು ಸೈನ್ಯ, ನಗೆಪಾಟಲು ಆಗೋದು ಹಳ್ಳಿಯ ಬಡವರು. ನಮ್ಮ ಸಿನಿಮಾದ ಕಾಮಿಡಿ ಟ್ರ್ಯಾಕಿನಲ್ಲಿ ಹರಿದ ಬನಿಯನ್ನಿನ ಕಪ್ಪು ಮನುಷ್ಯನನ್ನ ಯಾಕೆ ಇಡ್ತಾರೆ ಅಂತ ಗೊತ್ತಿರೋರಿಗೆ ಇದು ಹೊಸದಲ್ಲ.

ಒಬ್ಬ ಭಾರತೀಯನೂ ಈ ಸಾಲಲ್ಲಿದ್ದಾನೆ. ಧರ್ಮೇಂದ್ರ, ಜೀನತ್ ಅಮಾನ್ ಇದ್ದ 'ಶಾಲಿಮಾರ್' (1978) ಮಾಡಿದ ಕೃಷ್ಣ ಶಾ. ಅವನೇ 1976ರಲ್ಲಿ 'ದಿ ರಿವರ್ ನೈಜರ್' ಮಾಡಿದ್ದ. ಕಪ್ಪು ಜನರ ಮನೆಯೊಂದರ ಕಥೆ, ಕಪ್ಪು ನಾಟಕಕಾರ ಜೋಸೆಫ್ ವಾಕರ್ ಬರೆದದ್ದು, ಜೇಮ್ಸ್ ಅರ್ಲ್ ಜೋನ್ಸ್, ಸಿಸಿಲಿ ಟೈಸನ್ ನಟಿಸಿದ್ದು. ಅಂಥವನು 1985ಕ್ಕೆ 'ಹಾರ್ಡ್ ರಾಕ್ ಜಾಂಬೀಸ್' ಮಾಡ್ತಿದ್ದ. ರಾಕ್ ಸಂಗೀತ ನಿಷೇಧಿಸೋ ಒಂದು ಸಣ್ಣ ಊರು, ಅಲ್ಲಿ ವೇಷ ಮರೆಸಿಕೊಂಡು ಅಡಗಿರೋ ಹಿಟ್ಲರ್, ಕೊಲೆಯಾಗಿ ಎದ್ದು ಬರೋ ಬ್ಯಾಂಡ್ ಹುಡುಗರು. ಸಿನಿಮಾ ಹದಗೆಟ್ಟಿದೆ ನಿಜ. ಆದ್ರೆ ಮರ್ಯಾದಸ್ಥರ ಊರಿನ ನಡುಮನೆಯಲ್ಲೇ ಹಿಟ್ಲರ್ ಕೂತಿದ್ದಾನೆ ಅಂತ ಹೇಳೋಕೆ ಅವನಿಗೆ ಈ ಕಸದ ಸಿನಿಮಾನೇ ಬೇಕಾಯ್ತು ನೋಡಿ.

ಒಂದು ವಿಷಯ ಗಮನಿಸಿ. ಎಂಬತ್ತರ ಈ ಹುಡುಗರ ಸಿನಿಮಾಗಳಲ್ಲಿ ಹೈಟಿ ಇಲ್ಲ, ಕಬ್ಬಿನ ಗದ್ದೆ ಇಲ್ಲ, ಬೆನ್ ಇಲ್ಲ. ಬಹುಪಾಲು ಬೆಳ್ಳನೆ ಹುಡುಗರು, ಬೆಳ್ಳನೆ ಹೆಣಗಳು. ಆ ದಶಕದಲ್ಲಿ ಅತಿ ಹೆಚ್ಚು ಜನ ನೋಡಿದ ಕಪ್ಪು ಜಾಂಬಿ ಸಿನಿಮಾದಲ್ಲಿ ಇರಲಿಲ್ಲ, ಹಾಡಿನಲ್ಲಿದ್ದ: 1983ರ ಡಿಸೆಂಬರಿನ 'ಥ್ರಿಲ್ಲರ್' ವಿಡಿಯೋದ ಮೈಕೆಲ್ ಜಾಕ್ಸನ್. ಕಪ್ಪು ಗಾಯಕರನ್ನ ತೋರಿಸೋಕೆ ಹಿಂದೇಟು ಹಾಕ್ತಿದ್ದ ಎಂಟಿವಿ ಆ ವರ್ಷ ಅವನಿಗೆ ಬಾಗಿಲು ತೆರೀಲೇಬೇಕಾಯ್ತು. ಗೋರಿಯಿಂದ ಎದ್ದವರ ಮುಂದೆ ನಿಂತು ಅವನು ಕುಣಿದ. ಯಾರಿಗೂ ದುಡೀಲಿಲ್ಲ.

*

ನಮ್ಮ ಕೇರಿಗೆ ಇವು ಬಂದ ದಾರಿ ಬೇರೆ. ಅಂಬೇಡ್ಕರ್ ಜಯಂತಿಗೆ ಚಂದಾ ಎತ್ತಿ ಪೇಟೆಯಿಂದ ಟಿವಿ, ವಿಸಿಪಿ ಬಾಡಿಗೆಗೆ ತರ್ತಿದ್ವಿ. ರಾತ್ರಿಗೆ ಮೂರು ಪಿಚ್ಚರ್, ಎರಡು ರಾಜ್‌ಕುಮಾರ್‌ದು ಇರಲೇಬೇಕು. ಒಂದು ಸಲ ಅಂಗಡಿಯವನು ಒಂದು ಇಂಗ್ಲಿಷ್ ದೆವ್ವದ ಕ್ಯಾಸೆಟ್ಟನ್ನ ಪುಕ್ಕಟೆ ಸೇರಿಸಿ ಕೊಟ್ಟಿದ್ದ. ಯಾವುದು ಅಂತ ಹೆಸರು ನೆನಪಿಲ್ಲ. ಮಣ್ಣು ಸೀಳಿಕೊಂಡು ಕೈ ಮೇಲೆ ಬರುತ್ತೆ, ಹೆಂಗಸರು ಮಕ್ಕಳು ಕಿಟಾರನೆ ಕಿರುಚಿದ್ರು. ನಮ್ಮ ತಾತ ಮಾತ್ರ ಬೀಡಿ ಸೇದ್ತಾ ಅಂದ:

"ಮೊಣಕಾಲುದ್ದ ತೋಡಿದ್ರೆ ಇನ್ನೇನಾದದು? ಆಳುದ್ದ ತೋಡ್ಬೇಕು. ಯಾರೋ ಕೆಲಸ ಬರ್ದೋನು ಗುಂಡಿ ತೆಗ್ದವ್ನೆ."

ಇಡೀ ಕೇರಿ ನಕ್ಕಿತು. ತಾತ ತಮಾಷೆ ಮಾಡಿದ್ದಲ್ಲ. ಊರವರ ಗುಂಡಿ ತೋಡೋದು, ತಮಟೆ ಬಡಿಯೋದು, ನೆಂಟರ ಊರಿಗೆ ನಡೆದು ಹೋಗಿ ಸಾವಿನ ಸುದ್ದಿ ಮುಟ್ಟಿಸೋದು ಅವನ ಪಾಲಿನ ಬಿಟ್ಟಿ ಕೆಲಸ. ಕೆಲಸ ಗೊತ್ತಿದ್ದವನ ಮಾತು ಅದು. ಅಷ್ಟು ಗುಂಡಿ ತೋಡಿದವನು ಸತ್ತಾಗ ಅವನಿಗೆ ಊರ ಸ್ಮಶಾನದಲ್ಲಿ ಜಾಗ ಸಿಗಲಿಲ್ಲ. ಹಳ್ಳದ ದಂಡೆಯಲ್ಲಿ ಮಣ್ಣು ಮಾಡಿದ್ವಿ. ಮರು ಮಳೆಗಾಲಕ್ಕೆ ದಂಡೆ ಕುಸೀತು. ಮುಂದಿನದನ್ನ ನಾನು ಇಲ್ಲಿ ಬರೆಯಲ್ಲ.

ಸತ್ಯ ಹರಿಶ್ಚಂದ್ರ ಸಿನಿಮಾ ನೋಡಿ ನಾಡಿಗೆ ನಾಡೇ ಅತ್ತಿತ್ತು, ರಾಜನೊಬ್ಬ ಸ್ಮಶಾನ ಕಾಯೋ ಹಾಗಾಯ್ತಲ್ಲ ಅಂತ. ತಲೆಮಾರುಗಟ್ಟಲೆ ಕಾದವರಿಗೆ ಅಳೋರು ಯಾರು?

*

ಈಗ ಆ ಗೋದಾಮಿನ ಅಸ್ಥಿಪಂಜರ.

ವೈದ್ಯ ಓದೋರಿಗೆ ಮೂಳೆ ಬೇಕು. ಬ್ರಿಟನ್ನಿನಲ್ಲಿ ಹೆಣಕ್ಕೆ ಎಷ್ಟು ಬೇಡಿಕೆ ಇತ್ತು ಅಂದ್ರೆ, 1828ರಲ್ಲಿ ಎಡಿನ್‌ಬರೋದಲ್ಲಿ ಬರ್ಕ್, ಹೇರ್ ಅನ್ನೋ ಇಬ್ಬರು ಹದಿನಾರು ಜನರನ್ನ ಕೊಂದು ಹೆಣ ಮಾರಿದ್ದು ಬಯಲಾಯ್ತು. 1832ರಲ್ಲಿ ಕಾನೂನು ಬಂತು: ವಾರಸುದಾರರಿಲ್ಲದ ಬಡವರ ಹೆಣ ವೈದ್ಯ ಶಾಲೆಗೆ. ಅಂದ್ರೆ ಬಡತನವೇ ಒಪ್ಪಿಗೆ ಪತ್ರ.

ಅಮೆರಿಕದಲ್ಲಿ ಕಪ್ಪು ಜನರ ಗೋರಿಗಳನ್ನ ಅಗೆದ್ರು. ಜಾರ್ಜಿಯಾದ ಅಗಸ್ಟಾ ಊರಿನ ವೈದ್ಯ ಕಾಲೇಜು 1852ರಲ್ಲಿ ಗ್ರಾಂಡಿಸನ್ ಹ್ಯಾರಿಸ್ ಅನ್ನೋ ಗುಲಾಮನನ್ನ ಕೊಂಡುಕೊಂಡಿತು. ಅವನ ಕೆಲಸ, ರಾತ್ರಿ ಹೋಗಿ ತನ್ನ ಜನರದ್ದೇ ಗೋರಿ ಅಗೆದು ಹೆಣ ತರೋದು. 1989ರಲ್ಲಿ ಆ ಹಳೇ ಕಟ್ಟಡ ದುರಸ್ತಿ ಮಾಡುವಾಗ ನೆಲಮಾಳಿಗೆಯಲ್ಲಿ ಸಾವಿರಾರು ಮೂಳೆ ಸಿಕ್ಕವು. ಬಹುಪಾಲು ಕಪ್ಪು ಜನರವು. ಜಾಂಬಿ ಸಿನಿಮಾ ನೋಡಿ ದೇಶವೆಲ್ಲ ನಗ್ತಿದ್ದ ದಶಕದ ಕೊನೆಯಲ್ಲಿ ನಿಜವಾದ ಸತ್ತವರು ಮಣ್ಣಿಂದ ಮೇಲೆ ಬಂದ್ರು.

ಇನ್ನು ಇಂಡಿಯಾ. ಬ್ರಿಟಿಷರ ಕಾಲದಿಂದಲೂ ಕಲ್ಕತ್ತಾ ಮೂಳೆ ವ್ಯಾಪಾರದ ಕೇಂದ್ರ. ಬಂಗಾಳ, ಬಿಹಾರದ ಸುಡುಗಾಡು, ನದಿ ದಂಡೆಗಳಿಂದ ಹೆಣ ತರೋದು, ಮಾಂಸ ಬಿಡಿಸೋದು, ಬೇಯಿಸೋದು, ತೊಳೆಯೋದು, ಬಿಳುಪು ಮಾಡೋದು. ಈ ಕೆಲಸಕ್ಕೆ ಯಾರನ್ನ ಹಚ್ಚಿದ್ರು? ಹೆಣ ಸುಡೋ ಡೋಮ ಜಾತಿಯವರನ್ನ. ಮೂಳೆ ಹೊಳಪಾದ ಮೇಲೆ ಪೆಟ್ಟಿಗೆಗೆ ತುಂಬಿ ಡಾಲರ್ ಎಣಿಸಿದೋರು ಬೇರೆ. 1984 ಒಂದೇ ವರ್ಷದಲ್ಲಿ ಸುಮಾರು 60,000 ತಲೆಬುರುಡೆ, ಅಸ್ಥಿಪಂಜರಗಳು ಇಂಡಿಯಾದಿಂದ ರಫ್ತಾದವು ಅಂತ ಅಮೆರಿಕದ ಪತ್ರಿಕೆಯೇ ಬರೆಯಿತು. 1985ರಲ್ಲಿ ಸುಮಾರು 1,500 ಮಕ್ಕಳ ಅಸ್ಥಿಪಂಜರಗಳ ರಫ್ತು ಬಯಲಾಗಿ ಗದ್ದಲ ಎದ್ದಿತು. ಸರ್ಕಾರ ಆ ವರ್ಷವೇ ರಫ್ತು ನಿಷೇಧಿಸಿತು.

1985. ಫ್ರಾಂಕ್ ತೆರೆಯ ಮೇಲೆ ಆ ತಮಾಷೆ ಮಾಡಿದ ಅದೇ ವರ್ಷ.

ಹಲ್ಲು ಯಾಕೆ ಅಷ್ಟು ಚೆನ್ನಾಗಿವೆ ಅನ್ನೋ ಅವನ ಪ್ರಶ್ನೆ ಇದೆಯಲ್ಲ, ಅದು ನನ್ನ ಎದೆಗೆ ಚುಚ್ಚುತ್ತೆ. ಮುದುಕರ ಹಲ್ಲು ಉದುರಿರುತ್ತೆ. ಹಲ್ಲು ನೆಟ್ಟಗಿದೆ ಅಂದ್ರೆ ಸತ್ತದ್ದು ಪ್ರಾಯದವರು. ಬರೆದವರಿಗೆ ಗೊತ್ತಿತ್ತೋ ಇಲ್ಲವೋ, ಅಮೆರಿಕದ ಹುಡುಗರು ಪಾಪ್‌ಕಾರ್ನ್ ತಿನ್ತಾ ನಕ್ಕಿದ್ದು ಹಸಿವಿಗೆ, ಕಾಯಿಲೆಗೆ ಸತ್ತ ನಮ್ಮ ವಯಸ್ಸಿನವರನ್ನ ನೋಡಿ.

ನಮ್ಮ ಅಕ್ಕನ ಮಗಳು ಎಂಬಿಬಿಎಸ್‌ಗೆ ಸೇರಿದ ವರ್ಷ, ಸೀನಿಯರ್ ಒಬ್ಬರಿಂದ ಬೋನ್ ಸೆಟ್ ಕೊಂಡು ರಜಕ್ಕೆ ಮನೆಗೆ ತಂದಿದ್ಲು. ನಮ್ಮ ಮನೆತನಕ್ಕೆ ಮೊದಲ ಡಾಕ್ಟರ್ ಅವಳು. ಅವ್ವ ಪೆಟ್ಟಿಗೆ ತೆಗೆಸಿ ನೋಡಿದ್ಲು. ಹೆದರಲಿಲ್ಲ, ಹೊರಗಿಡು ಅಂತಲೂ ಅನ್ನಲಿಲ್ಲ. ತೊಡೆಯ ಮೂಳೆ ಕೈಯಲ್ಲಿ ಹಿಡ್ಕೊಂಡು, "ಇದು ಯಾರ್ದು ಮಗ?" ಅಂದ್ಲು. ಮಗು ಹತ್ತಿರ ಉತ್ತರ ಇರಲಿಲ್ಲ. ಅವ್ವ ಒಂದು ಚಿಟಿಕೆ ಅರಿಶಿನ ಕುಂಕುಮ ತಂದು ಪೆಟ್ಟಿಗೆಯ ಮೂಲೆಗೆ ಹಚ್ಚಿದ್ಲು. "ಓದ್ಕೋ. ಆದ್ರೆ ಎಸೀಬ್ಯಾಡ" ಅಂದ್ಲು.

*

ಅದೇ ಸಿನಿಮಾದ ಇನ್ನೊಂದು ಭಾಗ ಹೇಳಿ ಮುಗಿಸ್ತೀನಿ.

ಗೋದಾಮಿನ ನೆಲಮಾಳಿಗೆಯಲ್ಲಿ ಸೈನ್ಯದ ಪೀಪಾಯಿಗಳಿವೆ. ತಪ್ಪು ವಿಳಾಸಕ್ಕೆ ಬಂದು ವರ್ಷಗಳಿಂದ ಬಿದ್ದಿವೆ. ಫ್ರಾಂಕ್ ಒಂದನ್ನ ತಟ್ಟಿ ತೋರಿಸ್ತಾನೆ, ಅನಿಲ ಸೋರುತ್ತೆ, ಇಬ್ಬರೂ ಉಸಿರಿಗೆ ಎಳ್ಕೋತಾರೆ. ಆಮೇಲೆ ಆಂಬುಲೆನ್ಸಿನವರು ಬಂದು ನೋಡಿದ್ರೆ ನಾಡಿ ಇಲ್ಲ, ರಕ್ತದ ಒತ್ತಡ ಇಲ್ಲ. ಲೆಕ್ಕದ ಪ್ರಕಾರ ಇಬ್ಬರೂ ಸತ್ತಿದ್ದಾರೆ, ಆದ್ರೆ ಮಾತಾಡ್ತಾ ಕೂತಿದ್ದಾರೆ. ನೋವು ಹೆಚ್ಚಾಗ್ತಾ ಹೋಗುತ್ತೆ. ಕೊನೆಗೆ ಫ್ರಾಂಕ್ ತನ್ನ ಮದುವೆ ಉಂಗುರ ಬಿಚ್ಚಿಟ್ಟು, ಹೆಣ ಸುಡೋ ಒಲೆಯೊಳಗೆ ತಾನೇ ಹೋಗಿ ಮಲಗ್ತಾನೆ. ನಗಿಸೋ ಸಿನಿಮಾದಲ್ಲಿ ಆ ಒಂದು ದೃಶ್ಯಕ್ಕೆ ಯಾರೂ ನಗಲ್ಲ. ಪೀಪಾಯಿ ಯಾರದ್ದೋ ಅವರು, ಅಂದ್ರೆ ಸೈನ್ಯ, ಕೊನೆಗೆ ಮಾಡೋದು ಒಂದೇ ಕೆಲಸ: ಊರಿಗೆ ಊರನ್ನೇ ಅಣುಬಾಂಬ್ ಹಾಕಿ ಅಳಿಸಿಬಿಡೋದು.

ಆ ಸಿನಿಮಾ ತೆರೆಗೆ ಬಂದಾಗ ಭೋಪಾಲ್ ಆಗಿ ಒಂದು ವರ್ಷವೂ ತುಂಬಿರಲಿಲ್ಲ. ಕಾರ್ಖಾನೆಯ ಗೋಡೆ ಪಕ್ಕದ ಗುಡಿಸಲಿನವರು ಅಲ್ಲೂ ಮೊದಲು ಸತ್ತರು.

ಇವತ್ತಿಗೂ ಮ್ಯಾನ್‌ಹೋಲಿಗೆ ಇಳಿದವನು ಅನಿಲ ಕುಡಿದು ಸಾಯ್ತಾನೆ, ಅವನನ್ನ ಎತ್ತೋಕೆ ಇಳಿದವನೂ ಸಾಯ್ತಾನೆ. 1993ರ ಕಾನೂನು ಇದೆ, 2013ರ ಕಾನೂನು ಇದೆ. 2014ರಲ್ಲಿ ಸುಪ್ರೀಂ ಕೋರ್ಟ್ 10 ಲಕ್ಷ ಪರಿಹಾರ ಅಂದಿತು, 2023ರಲ್ಲಿ 30 ಲಕ್ಷ ಅಂದಿತು. ಸಾವಿನ ದರ ಏರಿದೆ, ಇಳಿಯೋರ ಜಾತಿ ಬದಲಾಗಿಲ್ಲ.

ಹಾಗಂತ ಈ ಸಿನಿಮಾಗಳನ್ನ ನೋಡಬೇಡಿ ಅಂತ ನಾನು ಹೇಳ್ತಿಲ್ಲ. ಹೋರಾಟದವರು ಬರೀ ಗಂಭೀರ ಸಿನಿಮಾನೇ ನೋಡಬೇಕು ಅನ್ನೋ ನಿಯಮ ಯಾರು ಮಾಡಿದ್ದೋ ಗೊತ್ತಿಲ್ಲ. ನೋಡಿ, ನಗಿ. ಆದ್ರೆ ಗೋದಾಮಿನ ಗೋಡೆಗೆ ನೇತಾಕಿರೋ ಅಸ್ಥಿಪಂಜರ ಯಾರದ್ದು ಅಂತ ಒಂದು ಸಲ ಕೇಳಿ. ಗುಲಾಮನ ಭಯದಿಂದ ಹುಟ್ಟಿದ ಕಥೆ ಧಣಿಯ ಮಕ್ಕಳ ಮನರಂಜನೆ ಆದದ್ದು ಹೇಗೆ ಅಂತ ಕೇಳಿ. ನಮ್ಮ ತಾತನ ಹಾಗೆ, ಈ ಗುಂಡಿ ತೋಡಿದವನು ಯಾರು ಅಂತ ಕೇಳಿ.

ಅರ್ಜಿ ರೆಡಿ ಇದೆ. ನಾಡಿದ್ದು ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ತಾಲ್ಲೂಕು ಕಚೇರಿ ಮುಂದೆ ಸೇರ್ತಿದ್ದೀವಿ. ನಾವು ಕೇಳ್ತಿರೋದು ಎರಡು ಎಕರೆ ಜಾಗ, ಅದಕ್ಕೊಂದು ದಾರಿ, ಹಳ್ಳದ ನೀರು ಮುಟ್ಟದ ಹಾಗೆ ಒಂದು ತಡೆಗೋಡೆ. ನಮ್ಮವರು ನೆಮ್ಮದಿಯಾಗಿ ಮಲಗೋಕೆ. ತಾತನ ಲೆಕ್ಕದಲ್ಲಿ ಹೇಳೋದಾದ್ರೆ, ಆಳುದ್ದ ಮಣ್ಣು.

ಬರೋರು ಬನ್ನಿ. ತಮಟೆ ತರೋರು ತನ್ನಿ, ಈ ಸಲ ಬಿಟ್ಟಿಗಲ್ಲ.

ಜೈ ಭೀಮ್.